ಸೇವೆಗೂ ಡಿಗ್ರಿ ಬೇಕೇ?

“ಸೇವೆ ಮಾಡೋದಕ್ಕೂ ಯೂನಿವರ್ಸಿಟಿಗೆ ಹೋಗಬೇಕೇನ್ರೀ ಮೇಷ್ಟ್ರೇ?” ಮಗಳು ಎಂ.ಎಸ್.ಡಬ್ಲ್ಯೂ. ಸೇರುತ್ತೇನೆಂದು ಹಟ ಹಿಡಿದಾಗ ಅಪ್ಪಂದಿರು ಕೇಳುವ ಮಾತಿದು. ಪದವಿ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಪ್ರತಿ ವರ್ಷವೂ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಮಾತಿನಲ್ಲಿ ಕುಹಕವಿರುವುದಿಲ್ಲ, ನಿಜವಾದ ಗೊಂದಲವಿರುತ್ತದೆ. ಹಸಿದವನಿಗೆ ಅನ್ನ ಹಾಕಲು, ಬಿದ್ದವನನ್ನು ಎತ್ತಿ ಕೂರಿಸಲು ಯಾವ ವಿಶ್ವವಿದ್ಯಾಲಯದ ಅಪ್ಪಣೆ ಬೇಕು? ಸಿದ್ಧಗಂಗೆಯಂಥ ಮಠಗಳು ಸಾವಿರಾರು ಬಡ ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟದ್ದು ಸರ್ಟಿಫಿಕೇಟು ಇಟ್ಟುಕೊಂಡೇನೂ ಅಲ್ಲ. ಹಾಗಿದ್ದ ಮೇಲೆ ಎರಡು ವರ್ಷದ ಓದು, ಫೀಸು, ಹಾಸ್ಟೆಲ್ಲು, ಪರೀಕ್ಷೆ ಇವೆಲ್ಲ ಯಾತಕ್ಕೆ?

ಗೊಂದಲದ ಬೇರು ಒಂದು ಪದದಲ್ಲಿದೆ. ಬಸ್ ನಿಲ್ದಾಣದ ಎದುರಿನ ಫ್ಲೆಕ್ಸ್‌ಗಳಲ್ಲಿ ಕೈಮುಗಿದು ಹುಟ್ಟುಹಬ್ಬ ಆಚರಿಸಿಕೊಳ್ಳುವವರೆಲ್ಲ ‘ಸಮಾಜ ಸೇವಕರು’. ಹಾಗಾಗಿ ಆ ಪದ ಕೇಳಿದರೆ ಜನಕ್ಕೆ ಮೊದಲು ನೆನಪಾಗುವುದು ಚುನಾವಣೆ. ವಿಶ್ವವಿದ್ಯಾಲಯಗಳು ಮಾತ್ರ ಜಾಣತನದಿಂದ ಬೇರೊಂದು ಪದವನ್ನು ಇಟ್ಟುಕೊಂಡಿವೆ. ಅಲ್ಲಿ ಅದು ‘ಸಮಾಜಕಾರ್ಯ’. ಸೇವೆ ಮನಸ್ಸಿನ ಗುಣ, ಕಾರ್ಯ ಕಲಿತು ಮಾಡುವ ಕೆಲಸ. ಒಂದಿದ್ದರೆ ಇನ್ನೊಂದು ಬೇಡ ಎಂದಲ್ಲ. ಆದರೆ ಒಂದರ ಬದಲಿಗೆ ಇನ್ನೊಂದು ನಡೆಯುವುದಿಲ್ಲ.

1897ನೇ ಇಸವಿಯಲ್ಲಿ ಎರಡು ಸಂಗತಿಗಳು ನಡೆದವು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಆರಂಭಿಸಿದರು. ದಲಿತ ಮಕ್ಕಳಿಗೆ ಶಾಲೆ ತೆರೆದದ್ದಕ್ಕೆ ಸ್ವಂತ ಜಾತಿಯವರ ಬಹಿಷ್ಕಾರವನ್ನು ಉಂಡ ಮಹನೀಯರು ಅವರು. ಅವರ ಬಳಿ ಸಮಾಜಕಾರ್ಯದ ಡಿಗ್ರಿ ಇರಲಿಲ್ಲ, ಆಗ ಅಂಥ ಡಿಗ್ರಿ ಜಗತ್ತಿನಲ್ಲಿ ಎಲ್ಲೂ ಇರಲಿಲ್ಲ. ಅದೇ ವರ್ಷ ಕೆನಡಾದ ಟೊರಾಂಟೊ ನಗರದ ಸಮ್ಮೇಳನವೊಂದರಲ್ಲಿ ಮೇರಿ ರಿಚ್ಮಂಡ್ ಎಂಬ ಅಮೆರಿಕದ ಹೆಣ್ಣುಮಗಳು ಎದ್ದು ನಿಂತು, ಈ ಕೆಲಸಕ್ಕೊಂದು ತರಬೇತಿ ಶಾಲೆ ಬೇಕು ಎಂದು ಕೇಳಿದಳು. ಮರುವರ್ಷವೇ, ಅಂದರೆ 1898ರಲ್ಲಿ, ನ್ಯೂಯಾರ್ಕಿನಲ್ಲಿ ಬೇಸಿಗೆ ಶಾಲೆಯೊಂದು ಶುರುವಾಯಿತು. ಇವತ್ತಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸಮಾಜಕಾರ್ಯ ವಿಭಾಗದ ಮೂಲ ಅದು.

ಆಕೆ ಕೇಳಿದ್ದೇಕೆ? ಅಮೆರಿಕದ ಧರ್ಮಾರ್ಥ ಸಂಘಗಳಲ್ಲಿ ಆಗ ‘ಸ್ನೇಹದ ಭೇಟಿ’ ಎಂಬ ಪದ್ಧತಿ ಇತ್ತು. ಅನುಕೂಲಸ್ಥರ ಮನೆಯ ಹೆಂಗಸರು ಬಡವರ ಕೇರಿಗಳಿಗೆ ಹೋಗಿ ಸಹಾಯ ಮಾಡಿ, ಜತೆಗೆ ಬುದ್ಧಿಯನ್ನೂ ಹೇಳಿ ಬರುತ್ತಿದ್ದರು. ಅವರ ಮನಸ್ಸು ಒಳ್ಳೆಯದೇ. ಆದರೆ ಯಾರಿಗೆ ಏನು ಬೇಕು, ಕೊಟ್ಟದ್ದು ಏನಾಯಿತು, ಅದೇ ಮನೆ ಮತ್ತೆ ಮತ್ತೆ ಕೈಚಾಚುವುದು ಏಕೆ ಎಂಬುದು ಅವರಿಗೆ ತಿಳಿಯುತ್ತಿರಲಿಲ್ಲ. ಔಷಧಿ ಕೊಡುವ ಮೊದಲು ವೈದ್ಯ ನಾಡಿ ಹಿಡಿಯುವ ಹಾಗೆ, ಇಲ್ಲಿಯೂ ಮೊದಲು ಕಷ್ಟದ ಮೂಲವನ್ನು ಹುಡುಕಬೇಕು ಎಂಬುದು ರಿಚ್ಮಂಡಳ ವಾದ. 1917ರಲ್ಲಿ ಆಕೆ ಬರೆದ ಗ್ರಂಥದ ಹೆಸರೇ ‘ಸೋಷಿಯಲ್ ಡಯಾಗ್ನೋಸಿಸ್’. ಕೇಳಿದ್ದು ಯಾವುದು, ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂದು ಸಾಕ್ಷ್ಯವನ್ನು ಬೇರೆ ಬೇರೆ ಮಾಡುವುದನ್ನು ಆಕೆ ಅದರಲ್ಲಿ ಕಲಿಸಿದಳು. ವಿಜ್ಞಾನ ಪಾಠ ಮಾಡುವ ನನ್ನಂಥವನಿಗೆ ಇದು ಪರಿಚಿತ ದಾರಿ. ವೀಕ್ಷಣೆ ಬೇರೆ, ತೀರ್ಮಾನ ಬೇರೆ ಎಂಬುದು ನಾವು ಎಂಟನೇ ತರಗತಿಯಲ್ಲೇ ಹೇಳಿಕೊಡುವ ಪಾಠ.

ಈ ಕೆಲಸವನ್ನು ಪ್ರಶ್ನಿಸಿದವರೂ ಇದ್ದರು. ವೈದ್ಯಕೀಯ ಕಾಲೇಜುಗಳ ಹುಳುಕನ್ನು 1910ರ ವರದಿಯಲ್ಲಿ ಬಯಲಿಗೆಳೆದ ಅಬ್ರಹಾಂ ಫ್ಲೆಕ್ಸ್‌ನರ್, 1915ರಲ್ಲಿ ಬಾಲ್ಟಿಮೋರಿನ ಸಭೆಯೊಂದರಲ್ಲಿ ‘ಸಮಾಜಕಾರ್ಯ ಒಂದು ವೃತ್ತಿಯೇ?’ ಎಂದು ಕೇಳಿದರು. ಇನ್ನೂ ಆಗಿಲ್ಲ ಎಂಬುದು ಅವರದೇ ಉತ್ತರ. ನೂರು ವರ್ಷ ಕಳೆದರೂ ನಮ್ಮೂರ ಅಪ್ಪಂದಿರು ಅದೇ ಪ್ರಶ್ನೆ ಕೇಳುತ್ತಿದ್ದಾರೆ ಎಂದರೆ ಆ ಪ್ರಶ್ನೆಗೆ ಆಯುಸ್ಸು ಗಟ್ಟಿಯಾಗಿಯೇ ಇದೆ.

ನಮ್ಮ ದೇಶದಲ್ಲಿ ಇಂಥ ಶಿಕ್ಷಣ ಮೊದಲಾದದ್ದು 1936ರಲ್ಲಿ, ಮುಂಬಯಿಯ ನಾಗಪಾಡಾದಲ್ಲಿ. ಅಲ್ಲಿನ ಬಡವರ ನಡುವೆ ಕೆಲಸ ಮಾಡುತ್ತಿದ್ದ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಎಂಬ ಅಮೆರಿಕದ ಮಿಷನರಿಯ ಯೋಜನೆಗೆ ಸರ್ ದೊರಾಬ್ಜಿ ಟಾಟಾ ಟ್ರಸ್ಟು ಹಣ ಕೊಟ್ಟಿತು. ಆ ಶಾಲೆಯೇ 1944ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸೈನ್ಸಸ್ ಎಂದು ಹೆಸರು ಬದಲಿಸಿಕೊಂಡಿತು. ಮಂಗಳೂರಿಗೆ 1960ರಲ್ಲಿ ರೋಶನಿ ನಿಲಯ ಬಂತು. ರಂಗರಾಯರು ಒಬ್ಬರೇ ದಾರಿ ಕಡಿದ ಊರಿನಲ್ಲಿ ಆ ದಾರಿಯಲ್ಲಿ ನಡೆಯುವುದನ್ನು ಕಲಿಸುವ ಶಾಲೆ ಏಳಲು ಅರವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಈಗಂತೂ ರಾಜ್ಯದ ಅನೇಕ ವಿಶ್ವವಿದ್ಯಾಲಯಗಳಲ್ಲಿ, ಕಾಲೇಜುಗಳಲ್ಲಿ ಎಂ.ಎಸ್.ಡಬ್ಲ್ಯೂ. ಇದೆ. ಸಮುದಾಯ ಅಭಿವೃದ್ಧಿ, ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ, ಮಾನವ ಸಂಪನ್ಮೂಲ ಎಂದು ಕವಲುಗಳಿವೆ.

ಸರಿ, ಅಲ್ಲಿ ಏನು ಕಲಿಸುತ್ತಾರೆ? ಸಮಾಜಶಾಸ್ತ್ರ, ಮನಃಶಾಸ್ತ್ರ, ಕಾನೂನು, ಸಂಶೋಧನೆ ಎಲ್ಲ ಇರುತ್ತದೆ. ಅವು ಪುಸ್ತಕದಲ್ಲೂ ಸಿಗುತ್ತವೆ. ಪುಸ್ತಕದಲ್ಲಿ ಸಿಗದೇ ಇರುವುದು ಕ್ಷೇತ್ರಕಾರ್ಯ. ಸಾಮಾನ್ಯವಾಗಿ ವಾರಕ್ಕೆ ಎರಡು ದಿನ ವಿದ್ಯಾರ್ಥಿಗಳು ಆಸ್ಪತ್ರೆಗೋ ಬಾಲಮಂದಿರಕ್ಕೋ ಕೊಳೆಗೇರಿಗೋ ಗ್ರಾಮ ಪಂಚಾಯಿತಿಗೋ ಹೋಗಬೇಕು. ವರ್ಷದಲ್ಲೊಮ್ಮೆ ಗ್ರಾಮೀಣ ಶಿಬಿರ, ಕೊನೆಗೆ ಒಂದು ತಿಂಗಳಷ್ಟು ಒಂದೇ ಸಂಸ್ಥೆಯಲ್ಲಿ ನಿಂತು ಕೆಲಸ. ಅಮೆರಿಕದಲ್ಲಿ ಸ್ನಾತಕೋತ್ತರ ಪದವಿಗೆ ಕನಿಷ್ಠ 900 ಗಂಟೆಗಳ ಕ್ಷೇತ್ರಕಾರ್ಯ ಕಡ್ಡಾಯ. ನಮ್ಮ ಪ್ರಯೋಗಾಲಯ ಹೇಗೋ ಹಾಗೆ ಇದು ಅವರ ಪ್ರಯೋಗಾಲಯ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಮೂರು ವಾರದಿಂದ ಶಾಲೆಗೆ ಬಂದಿಲ್ಲ ಎಂದಿಟ್ಟುಕೊಳ್ಳಿ. ಊರಿನ ಉದಾರಿಯೊಬ್ಬರು ‘ಪಾಪ, ಬಡವರು’ ಎಂದು ಬ್ಯಾಗು, ನೋಟ್‌ಬುಕ್ಕು ಕೊಡಿಸುತ್ತಾರೆ. ಮೇಷ್ಟ್ರು ಅಪ್ಪನನ್ನು ಕರೆಸಿ ಗದರುತ್ತಾರೆ. ಹುಡುಗಿ ಎರಡು ದಿನ ಬಂದು ಮತ್ತೆ ನಿಲ್ಲುತ್ತಾಳೆ.

ಚೆನ್ನಾಗಿ ತರಬೇತಾದ ವಿದ್ಯಾರ್ಥಿನಿ ಆ ಮನೆಗೆ ಹೋದರೆ ಮೊದಲು ಶಾಲೆಯ ಮಾತೇ ಎತ್ತುವುದಿಲ್ಲ. ಜಗಲಿಯ ಮೇಲೆ ಕೂತು ಮನೆಯನ್ನು ನೋಡುತ್ತಾಳೆ. ಅಡುಗೆ ಯಾರು ಮಾಡುತ್ತಿದ್ದಾರೆ? ಕೂಸನ್ನು ಯಾರು ಎತ್ತಿಕೊಂಡಿದ್ದಾರೆ? ನಿಧಾನವಾಗಿ ತಿಳಿಯುತ್ತದೆ: ಹೆರಿಗೆಯಾದ ಮೇಲೆ ತಾಯಿ ಮಂಕಾಗಿ ಮಲಗಿಬಿಟ್ಟಿದ್ದಾಳೆ, ಯಾರೊಡನೆಯೂ ಮಾತಿಲ್ಲ, ಕೂಸಿನ ಕಡೆ ಗಮನವಿಲ್ಲ. ಅಜ್ಜಿ ‘ಗಾಳಿ ಸೋಕಿದೆ’ ಎನ್ನುತ್ತಾಳೆ. ಕೂಸು, ಒಲೆ ಎರಡೂ ಈ ಹುಡುಗಿಯ ಪಾಲಿಗೆ ಬಂದಿವೆ. ಮನೆ ನಡೆಸುವುದು ಹೇಗೂ ಕಲಿತಳಲ್ಲ ಎಂದು ಸೋದರಮಾವ ಒಂದು ಸಂಬಂಧವನ್ನೂ ತಂದಿದ್ದಾನೆ. ಅಲ್ಲಿಗೆ ಬ್ಯಾಗಿಗೂ ಈ ಕಥೆಗೂ ಸಂಬಂಧವೇ ಇಲ್ಲ ಎಂದಾಯಿತು.

ಈಗ ಏನು ಮಾಡಬೇಕು? ತಾಯಿಗೆ ಚಿಕಿತ್ಸೆ ಬೇಕು. ಆಶಾ ಕಾರ್ಯಕರ್ತೆ, ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಮಾನಸಿಕ ಆರೋಗ್ಯ ತಂಡ ಇವರನ್ನೆಲ್ಲ ಜೋಡಿಸಬೇಕು. ಬಾಲ್ಯವಿವಾಹ 2006ರ ಕಾಯಿದೆಯ ಪ್ರಕಾರ ಅಪರಾಧ. ಮದುವೆಯ ದಿನ ಗೊತ್ತಾಗಿದ್ದರೆ ಒಂದು ಗಂಟೆಯೂ ಕಾಯುವಂತಿಲ್ಲ, 1098ಕ್ಕೆ ಕರೆ ಮಾಡಬೇಕು. ಬರೀ ಮಾತಿನ ಹಂತದಲ್ಲಿದ್ದರೆ, ಅಪ್ಪನನ್ನು ಕೂರಿಸಿಕೊಂಡು ಮಾತಾಡಿ ಅವನನ್ನೇ ಮಗಳ ಪರ ನಿಲ್ಲಿಸುವ ದಾರಿಯೂ ಉಂಟು. ಗಂಧಕಾಮ್ಲವನ್ನು ತೆಳುಗೊಳಿಸುವಾಗ ನೀರಿಗೆ ಆಮ್ಲವನ್ನು ಹನಿಹನಿಯಾಗಿ ಹಾಕಬೇಕೇ ಹೊರತು ಆಮ್ಲಕ್ಕೆ ನೀರನ್ನಲ್ಲ ಎಂದು ಮಕ್ಕಳಿಗೆ ಹೇಳುತ್ತೇವೆ. ವಸ್ತುಗಳು ಅವೇ. ಕ್ರಮ ತಪ್ಪಿದರೆ ಮುಖಕ್ಕೆ ಸಿಡಿಯುತ್ತದೆ. ಇಲ್ಲಿಯೂ ಹಾಗೆಯೇ. ಯಾವುದು ಮೊದಲು, ಯಾವುದು ಆಮೇಲೆ ಎಂಬ ತಿಳಿವಳಿಕೆ ಒಳ್ಳೆಯ ಮನಸ್ಸಿನಿಂದ ತಾನಾಗಿ ಹುಟ್ಟುವುದಿಲ್ಲ.

ಇಪ್ಪತ್ತೆರಡರ ಹರೆಯದ ವಿದ್ಯಾರ್ಥಿನಿ ಇದನ್ನು ಒಬ್ಬಳೇ ನಿರ್ಧರಿಸಬೇಕಾಗಿಲ್ಲ, ನಿರ್ಧರಿಸಲೂ ಬಾರದು. ಈ ಶಿಕ್ಷಣದ ಹೃದಯ ಇರುವುದು ಇಲ್ಲೇ. ಕ್ಷೇತ್ರದಿಂದ ಬಂದವಳು ನಡೆದದ್ದನ್ನೆಲ್ಲ ಬರೆಯಬೇಕು. ವಾರಕ್ಕೊಮ್ಮೆ ಮಾರ್ಗದರ್ಶಕರು ಅದನ್ನು ಓದಿ, ಎದುರಿಗೆ ಕೂರಿಸಿಕೊಂಡು ಪ್ರಶ್ನಿಸಬೇಕು. “ಅಜ್ಜಿ ಗಾಳಿ ಸೋಕಿದೆ ಎಂದಾಗ ನೀನು ನಕ್ಕೆಯಾ? ತಾಯಿ ಸುಮ್ಮನಾದಾಗ ಆ ಮೌನವನ್ನು ತಡೆದುಕೊಂಡೆಯಾ, ಇಲ್ಲ ನೀನೇ ಮಾತು ತುಂಬಿದೆಯಾ? ಅಪ್ಪ ಬೇಜವಾಬ್ದಾರಿ ಎಂದು ಬರೆದಿದ್ದೀಯಲ್ಲ, ಅದು ಕಂಡದ್ದೋ ನಿನ್ನ ತೀರ್ಮಾನವೋ?” ಇಂಥ ಪ್ರಶ್ನೆಗಳನ್ನು ನೂರು ಸಲ ಎದುರಿಸಿದ ಮೇಲೆ ಆ ಹುಡುಗಿ ಪ್ರಶ್ನೆಗಳನ್ನು ತನಗೆ ತಾನೇ ಕೇಳಿಕೊಳ್ಳಲು ಕಲಿಯುತ್ತಾಳೆ. ಫೆಲಿಕ್ಸ್ ಬೀಸ್ಟೆಕ್ ಎಂಬ ಪಾದ್ರಿ 1957ರಲ್ಲಿ ಈ ಕೆಲಸದ ಏಳು ತತ್ತ್ವಗಳನ್ನು ಪಟ್ಟಿ ಮಾಡಿದರು. ತೀರ್ಪು ಕೊಡದಿರುವುದು, ಗುಟ್ಟು ಕಾಯುವುದು, ನಿರ್ಧಾರವನ್ನು ಕಷ್ಟದಲ್ಲಿರುವವರಿಗೇ ಬಿಡುವುದು ಇವೆಲ್ಲ ಅದರಲ್ಲಿವೆ. ಪರೀಕ್ಷೆಗೆ ಅವನ್ನು ಒಂದು ರಾತ್ರಿಯಲ್ಲಿ ಬಾಯಿಪಾಠ ಮಾಡಬಹುದು. ರೂಢಿಯಾಗಬೇಕಾದರೆ ಎರಡು ವರ್ಷವೂ ಸಾಲದು.

ಈ ಓದಿನಿಂದ ದೇಶಕ್ಕೇನು ಬಂತು ಎಂದು ಕೇಳುವವರಿಗೆ ಎರಡು ಸಂಗತಿ ಹೇಳಬಹುದು. ಮನೆಯಲ್ಲಿ ಪೆಟ್ಟು ತಿನ್ನುವ ಹೆಂಗಸರಿಗಾಗಿ ಮುಂಬಯಿ ಪೊಲೀಸ್ ವ್ಯವಸ್ಥೆಯೊಳಗೇ ಸಮಾಜಕಾರ್ಯಕರ್ತರು ಕೂರುವ ವಿಶೇಷ ಘಟಕವನ್ನು 1984ರಲ್ಲಿ ಆರಂಭಿಸಿದ್ದು ಟಾಟಾ ಸಂಸ್ಥೆ. ಮೇಲೆ ಹೇಳಿದ 1098 ಎಂಬ ಮಕ್ಕಳ ಸಹಾಯವಾಣಿ ಕೂಡ 1996ರಲ್ಲಿ ಅದೇ ಸಂಸ್ಥೆಯ ಕ್ಷೇತ್ರ ಯೋಜನೆಯಾಗಿ, ಜೆರೂ ಬಿಲಿಮೋರಿಯಾ ಅವರ ಮುಂದಾಳತ್ವದಲ್ಲಿ ಹುಟ್ಟಿದ್ದು. 2023ರಲ್ಲಿ ಸರಕಾರ ಅದನ್ನು ತನ್ನ ಕೈಗೇ ತೆಗೆದುಕೊಂಡಿತು. ತರಗತಿಯ ಪಾಠ ಬೀದಿಗಿಳಿದು, ಬೀದಿಯಿಂದ ಸರಕಾರಕ್ಕೆ ಹೋದ ದಾರಿ ಇದು.

ಆದರೆ ನಮ್ಮ ಕಾನೂನುಗಳು ಈ ಡಿಗ್ರಿಯನ್ನು ಒಂದೊಂದು ಕಡೆ ಒಂದೊಂದು ರೀತಿ ನೋಡುತ್ತವೆ. 500 ಅಥವಾ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಯಲ್ಲಿ ಕಲ್ಯಾಣಾಧಿಕಾರಿ ಇರಬೇಕೆಂದು 1948ರ ಫ್ಯಾಕ್ಟರಿ ಕಾಯಿದೆ ಹೇಳಿತು. ಎಂ.ಎಸ್.ಡಬ್ಲ್ಯೂ. ಓದಿದವರು ಕಂಪನಿಗಳ ಕಡೆ ಹೊರಳಲು ಇದೂ ಒಂದು ಕಾರಣ. 2017ರ ಮಾನಸಿಕ ಆರೋಗ್ಯ ಕಾಯಿದೆ ಬಹಳ ಬಿಗಿ. ಮನೋವೈದ್ಯಕೀಯ ಸಮಾಜಕಾರ್ಯಕರ್ತ ಎನಿಸಿಕೊಳ್ಳಲು ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷದ ಎಂ.ಫಿಲ್. ಆಗಿರಬೇಕು, ಅದರಲ್ಲಿ ಮೇಲ್ವಿಚಾರಣೆಯ ತರಬೇತಿ ಇರಬೇಕು ಎಂದು ಅದು ಬರೆದಿಟ್ಟಿತು. ಬೆಂಗಳೂರಿನ ನಿಮ್ಹಾನ್ಸ್ ಇಂಥ ತರಬೇತಿಗೆ ಹೆಸರಾದ ಜಾಗ. ತಮಾಷೆಯೆಂದರೆ 2022ರಲ್ಲಿ ಯು.ಜಿ.ಸಿ. ಎಂ.ಫಿಲ್. ಪದವಿಯನ್ನೇ ಕೈಬಿಟ್ಟಿತು. ಆಮೇಲೆ ಇದಕ್ಕೂ ಕ್ಲಿನಿಕಲ್ ಸೈಕಾಲಜಿಗೂ 2025-26ನೇ ಸಾಲಿನವರೆಗೆ ಅವಧಿ ವಿಸ್ತರಿಸಬೇಕಾಯಿತು. ಇನ್ನು 2015ರ ಬಾಲನ್ಯಾಯ ಕಾಯಿದೆ. ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜತೆ ಇಬ್ಬರು ಸಮಾಜಕಾರ್ಯಕರ್ತರು ಇರಬೇಕು. ಅವರಿಗೆ ಮಕ್ಕಳ ಕ್ಷೇತ್ರದಲ್ಲಿ ಏಳು ವರ್ಷದ ಕೆಲಸ ಇರಬೇಕು, ಇಲ್ಲವೇ ಮಕ್ಕಳ ಮನಃಶಾಸ್ತ್ರ, ಮನೋವೈದ್ಯ, ಸಮಾಜಶಾಸ್ತ್ರ, ಕಾನೂನು ಇವುಗಳಲ್ಲೊಂದರ ಪದವೀಧರ ವೃತ್ತಿನಿರತರಾಗಿರಬೇಕು. ಹುದ್ದೆಯ ಹೆಸರು ಸಮಾಜಕಾರ್ಯಕರ್ತ, ಪದವಿಗಳ ಪಟ್ಟಿಯಲ್ಲಿ ಸಮಾಜಕಾರ್ಯವೇ ಇಲ್ಲ!

ವೈದ್ಯರಿಗೆ, ವಕೀಲರಿಗೆ, ದಾದಿಯರಿಗೆ ಇರುವ ಹಾಗೆ ಎಲ್ಲ ಸಮಾಜಕಾರ್ಯಕರ್ತರಿಗೂ ಅನ್ವಯಿಸುವ ಒಂದು ರಾಷ್ಟ್ರೀಯ ಮಂಡಳಿ ನಮ್ಮಲ್ಲಿಲ್ಲ. 2021ರ ಆರೋಗ್ಯ ವೃತ್ತಿಗಳ ಕಾಯಿದೆ ಆಸ್ಪತ್ರೆ ಕಡೆಯವರನ್ನು ಮಾತ್ರ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಬಾಲಮಂದಿರದವರು, ಕೊಳೆಗೇರಿಯವರು ಹೊರಗೇ ಉಳಿದರು. ಮೇಲಿನಿಂದ ಕೇಳುವವರಿಲ್ಲದಾಗ ತರಬೇತಿಯ ಮಟ್ಟ ಆಯಾ ಕಾಲೇಜಿನ ಆತ್ಮಸಾಕ್ಷಿಗೆ ಬಿಟ್ಟದ್ದು.

ನನಗೆ ಚಿಂತೆಯಾಗುವುದು ಇಲ್ಲಿಯೇ. ವಿಜ್ಞಾನದ ಪ್ರಾಕ್ಟಿಕಲ್ ರೆಕಾರ್ಡು ಏನಾಗಿದೆ ಎಂದು ಬಲ್ಲವರು ಬಲ್ಲರು. ಹಿಂದಿನ ವರ್ಷದವರ ರೆಕಾರ್ಡನ್ನು ನಕಲು ಮಾಡಿ, ಮಾಡದ ಪ್ರಯೋಗಕ್ಕೆ ಕರಾರುವಾಕ್ಕು ಉತ್ತರ ಬರೆದು ಸಹಿ ಹಾಕಿಸುವುದು ಹಲವು ಕಡೆ ಮಾಮೂಲಾಗಿದೆ. ಕ್ಷೇತ್ರಕಾರ್ಯದ ಡೈರಿಗೂ ಅದೇ ಗತಿ ಬಂದರೆ? ಕೂಡಿಬಂದ ಕಾರಣಗಳೂ ಇವೆ. ಕೆಲವು ವಿಭಾಗಗಳಲ್ಲಿ ಅತಿಥಿ ಉಪನ್ಯಾಸಕರ ಮೇಲೆಯೇ ಭಾರ. ಒಬ್ಬರ ತಲೆಗೆ ಹೆಚ್ಚು ವಿದ್ಯಾರ್ಥಿಗಳು ಬಿದ್ದರೆ ಪ್ರತಿಯೊಬ್ಬರ ಬರಹವನ್ನೂ ಓದಿ, ಕೂರಿಸಿಕೊಂಡು ಮಾತಾಡಲು ದಿನಕ್ಕೆ ಎಷ್ಟು ಗಂಟೆಯಿದೆ? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಚಿಂತೆ ತಪ್ಪಿತು. ಬಡ ಹುಡುಗರಿಗೆ ವಾರಕ್ಕೆರಡು ಸಲ ದೂರದ ಹಳ್ಳಿಗೆ ಹೋಗಿಬರುವ ಖರ್ಚೇ ಒಂದು ಪರೀಕ್ಷೆ.

ಹೊಸದೊಂದು ಚಟವೂ ಅಂಟಿಕೊಂಡಿದೆ. ಕೆಲಸ ಆಗಿದೆ ಎಂಬುದಕ್ಕೆ ಈಗ ಫೋಟೊ ಬೇಕು, ಅದರಲ್ಲಿ ದಿನ, ಸಮಯ, ಜಾಗ ಅಚ್ಚಾಗಿರಬೇಕು. ಸಸಿ ನೆಟ್ಟದ್ದಕ್ಕೆ, ಜಾಥಾ ಮಾಡಿದ್ದಕ್ಕೆ ಫೋಟೊ ಇರಲಿ. ಮಂಕಾಗಿ ಮಲಗಿರುವ ಆ ತಾಯಿಯ ಫೋಟೊ ತೆಗೆಯುವುದುಂಟೇ? ಬಾಲಮಂದಿರದ ಮಗುವಿನ ಮುಖ ವಾಟ್ಸಾಪಿನಲ್ಲಿ ಓಡಾಡುವುದುಂಟೇ? ರಕ್ಷಣೆಯಲ್ಲಿರುವ ಮಗುವಿನ ಗುರುತನ್ನು ಬಹಿರಂಗಪಡಿಸಬಾರದೆಂದು ಬಾಲನ್ಯಾಯ ಕಾಯಿದೆಯ 74ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಒಳ್ಳೆಯ ಕ್ಷೇತ್ರಕಾರ್ಯ ಬಹುಮಟ್ಟಿಗೆ ಕ್ಯಾಮೆರಾಕ್ಕೆ ಸಿಕ್ಕುವಂಥದ್ದಲ್ಲ. ಇಬ್ಬರು ಮೂಲೆಯಲ್ಲಿ ಕೂತು ಮಾತಾಡುತ್ತಿದ್ದರೆ ಅದರಲ್ಲಿ ತೋರಿಸುವುದಕ್ಕೇನಿದೆ?

ನಕಲು ರೆಕಾರ್ಡಿನಿಂದ ಪಾಸಾದ ನಮ್ಮ ಹುಡುಗ ಹೆಚ್ಚೆಂದರೆ ಒಂದು ಬೀಕರು ಒಡೆಯುತ್ತಾನೆ, ಇನ್ನೊಂದು ತರಿಸಬಹುದು. ನಕಲು ಡೈರಿಯಿಂದ ಪಾಸಾದವರ ಕೈಗೆ ಸಿಕ್ಕುವುದು ಬೀಕರಲ್ಲ. ಗಂಡನ ಮನೆಯಿಂದ ಓಡಿಬಂದ ಹೆಣ್ಣುಮಗಳು, ಕುಡಿತ ಬಿಡಲು ಬಂದ ಗಂಡಸು, ಕೋರ್ಟಿನ ಕಟ್ಟೆಯ ಮೇಲೆ ಕೂತ ಹದಿನಾರರ ಹುಡುಗ. ತಪ್ಪು ಸಲಹೆ ಸಿಕ್ಕಿತೆಂದು ದೂರು ಕೊಡುವ ಶಕ್ತಿಯೂ ಇವರಿಗೆ ಇರುವುದಿಲ್ಲ. ರೋಗಿ ಸತ್ತರೆ ಡಾಕ್ಟರನ್ನು ಕೇಳುತ್ತಾರೆ. ಬದುಕು ಕೆಟ್ಟರೆ ಜನ ಹಣೆಬರಹವನ್ನು ಬೈಯುತ್ತಾರೆ.

ಆದ್ದರಿಂದ ಅಪ್ಪಂದಿರಿಗೆ ನನ್ನ ಉತ್ತರ ಇಷ್ಟೇ. ಅನ್ನ ಹಾಕಲು ಡಿಗ್ರಿ ಬೇಡ, ಇನ್ನೊಬ್ಬರ ಬದುಕಿನೊಳಗೆ ಕೈ ಹಾಕಲು ತರಬೇತಿ ಬೇಕೇ ಬೇಕು. ಡಿಗ್ರಿಯಲ್ಲಿ ಆ ತರಬೇತಿ ಇದೆಯೋ ಇಲ್ಲವೋ ಎಂದು ನೋಡಿ ಸೇರಿಸಿ. ಸಂಬಳದ ವಿಷಯವನ್ನೂ ಮುಚ್ಚಿಡುವುದಿಲ್ಲ. ಎಷ್ಟೋ ಹುದ್ದೆಗಳು ವರ್ಷ ವರ್ಷಕ್ಕೆ ನವೀಕರಣವಾಗುವ ಗುತ್ತಿಗೆಯವು. ಇದನ್ನು ತಿಳಿದೇ ಮಗಳು ಹಟ ಹಿಡಿದಿದ್ದರೆ ಆ ಹಟಕ್ಕೆ ಬೆಲೆ ಕೊಡಿ.

ಅಡ್ಮಿಷನ್ನಿಗೆ ಹೋದಾಗ ಕಟ್ಟಡ ನೋಡಬೇಡಿ, ನಾಲ್ಕು ಪ್ರಶ್ನೆ ಕೇಳಿ. ಒಬ್ಬ ಅಧ್ಯಾಪಕರಿಗೆ ಕ್ಷೇತ್ರಕಾರ್ಯದ ವಿದ್ಯಾರ್ಥಿಗಳು ಎಷ್ಟು ಜನ? ಯಾವ ಸಂಸ್ಥೆಗಳಿಗೆ ಕಳಿಸುತ್ತೀರಿ? ಅಲ್ಲಿ ನೋಡಿಕೊಳ್ಳುವವರು ಈ ವಿದ್ಯೆ ಕಲಿತವರೇ? ವಾರಕ್ಕೊಮ್ಮೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡುವ ಪದ್ಧತಿ ಇದೆಯೇ? ಆಮೇಲೆ ಕಾರಿಡಾರಿನಲ್ಲಿ ಎರಡನೇ ವರ್ಷದ ವಿದ್ಯಾರ್ಥಿ ಯಾರಾದರೂ ಸಿಕ್ಕರೆ, ಕಳೆದ ತಿಂಗಳು ನಿಮ್ಮ ಮಾರ್ಗದರ್ಶಕರು ಯಾವುದನ್ನಾದರೂ ತಪ್ಪೆಂದು ಮತ್ತೆ ಮಾಡಿಸಿದರಾ ಎಂದು ವಿಚಾರಿಸಿ. ‘ಹೌದು ಸಾರ್, ಎರಡು ಸಲ’ ಎಂದು ಮುಖ ಸಣ್ಣ ಮಾಡಿಕೊಂಡು ಹೇಳಿದರೆ ಅದು ಒಳ್ಳೆಯ ಕಾಲೇಜು. ಕ್ಷೇತ್ರಕಾರ್ಯದ ಡೈರಿಯನ್ನೂ ಒಮ್ಮೆ ಕೊಡಪ್ಪ, ನೋಡೋಣ ಎಂದು ಕೇಳಿ ನೋಡಿ. ಅದು ಬೇರೆಯವರ ಮನೆಯ ಮಾತು, ಕೊಡಲಾಗುವುದಿಲ್ಲ ಎಂದು ಹುಡುಗ ಡೈರಿಯನ್ನು ಬ್ಯಾಗಿನೊಳಗೆ ತುರುಕಿದರೆ, ಮತ್ತೇನೂ ಕೇಳದೆ ಫೀಸು ಕಟ್ಟಿ ಬನ್ನಿ.